ಅಣ್ಣನ ನೆರಳಿನಲ್ಲಿ ಅರಳಿದ ಕಂಚು

ಜಕೊಮೆಟ್ಟಿ ಎಂದೊಡನೆ ಕಲಾಸಕ್ತರ ಕಣ್ಣೆದುರು ನಿಲ್ಲುವುದು ಆಲ್ಬರ್ಟೊ ಮಾಡಿದ ಕಡ್ಡಿಯಂಥ ಮನುಷ್ಯಾಕೃತಿಗಳು. ಅವುಗಳ ಒಳಗಿನ ತಂತಿಯ ಹಂದರ ಕಟ್ಟಿ, ಪ್ಲಾಸ್ಟರ್ ಅಚ್ಚು ತೆಗೆದು, ಎರಕವಾಗಿ ಬಂದ ಕಂಚಿಗೆ ಬಣ್ಣದ ಛಾಯೆ ಕೊಡುತ್ತಿದ್ದ ಕೈ ತಮ್ಮ ಡಿಯೇಗೊನದು. 1902ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈತ ಬಾಲ್ಯದಲ್ಲೇ ಯಂತ್ರಕ್ಕೆ ಸಿಕ್ಕಿ ಬಲಗೈ ಬೆರಳುಗಳನ್ನು ಕಳೆದುಕೊಂಡಿದ್ದ. ಆ ಕೈಯಿಂದಲೇ ಇಷ್ಟೆಲ್ಲ!

1966ರಲ್ಲಿ ಅಣ್ಣ ತೀರಿಕೊಂಡ ಮೇಲೆ ಡಿಯೇಗೊನ ಸ್ವಂತ ಕೆಲಸ ಹುಲುಸಾಗಿ ಬೆಳೆಯಿತು. ಅದು ಮೇಜು, ಕುರ್ಚಿ, ದೀಪಗಳ ಕೆಲಸ. ಮೇಜಿನ ಕಾಲುಗಳು ಸಣ್ಣ ಕೊಂಬೆಗಳಂತೆ. ಅಡ್ಡಪಟ್ಟಿಯ ಮೇಲೆ ಎಲೆ, ಕಪ್ಪೆ, ಗೂಬೆ, ಕುಳಿತ ಹಕ್ಕಿ. ಮರದಲ್ಲಾದರೆ ಅಷ್ಟು ತೆಳುವಾದ ಕಾಲು ಭಾರ ಹೊರಲಾರದು, ಕಂಚು ಹೊರುತ್ತದೆ. ಮೇಲ್ಮೈಯನ್ನು ನಯಗೊಳಿಸದೆ ಬೆರಳಿನ ಗುರುತುಗಳನ್ನು ಹಾಗೆಯೇ ಉಳಿಸಿದ್ದರಿಂದ ಅದಕ್ಕೆ ತೊಗಟೆಯ ಒರಟುತನ ಬಂದಿದೆ. ನನಗೆ ಎಲ್ಲಕ್ಕಿಂತ ಪ್ರಿಯವಾದುದು ಪರಿಚಾರಕನಂತೆ ಎದ್ದು ನಿಂತು, ಹಕ್ಕಿಗಳಿಗಾಗಿ ಬಟ್ಟಲು ಹಿಡಿದ ಬೆಕ್ಕು. ಬೆಕ್ಕು ಹಕ್ಕಿಗೆ ಬಡಿಸುವುದೆಂದರೆ!

ಇದನ್ನು ಶಿಲ್ಪವೆನ್ನಬೇಕೋ ಪೀಠೋಪಕರಣವೆನ್ನಬೇಕೋ ಎಂದು ಪಂಡಿತರು ಚರ್ಚಿಸಲಿ. ಆತ ತನ್ನನ್ನು ಕುಶಲಕರ್ಮಿಯೆಂದೇ ಭಾವಿಸಿದ್ದ. ಹಲವು ವಸ್ತುಗಳ ಮೇಲೆ ಮನೆತನದ ಹೆಸರಿಲ್ಲ, 'ಡಿಯೇಗೊ' ಎಂಬ ಮುದ್ರೆಯಷ್ಟೇ. ಆ ಸಂಕೋಚದ ಹೆಸರಿಗೂ ಮುಂದೆ ಬೆಲೆ ಬಂತು, ಬೆಲೆಯ ಹಿಂದೆ ನಕಲಿಗಳೂ ಬಂದವು.

ಪ್ಯಾರಿಸ್ಸಿನ ಪಿಕಾಸೊ ವಸ್ತುಸಂಗ್ರಹಾಲಯಕ್ಕೆ ಬೇಕಾದ ಬೆಂಚು, ಕುರ್ಚಿ, ದೀಪಗಳನ್ನು ಮಾಡಿಕೊಡುವ ಕೆಲಸ ಆತನ ಮುಪ್ಪಿನಲ್ಲಿ ಬಂತು. 1985ರ ಜುಲೈನಲ್ಲಿ ಡಿಯೇಗೊ ತೀರಿಕೊಂಡ. ಅದೇ ವರ್ಷದ ಶರತ್ಕಾಲದಲ್ಲಿ ಸಂಗ್ರಹಾಲಯದ ಬಾಗಿಲು ತೆರೆಯಿತು.