ಗುಜರಿ ವ್ಯಾಪಾರ: ಅನುಮಾನ ಬಂದ ಮಾಲು ಬೇಡ

(ಹುಂಚದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಪ್ರಿಯ ಸಹೋದರರೇ, ಕುರ್‌ಆನ್‌ನಲ್ಲಿ ಕಬ್ಬಿಣದ ಹೆಸರಿನದೇ ಒಂದು ಸೂರಾ ಇದೆ, ಸೂರಾ ಅಲ್ ಹದೀದ್. ಕಬ್ಬಿಣದಲ್ಲಿ ಜನರಿಗೆ ಪ್ರಯೋಜನಗಳಿವೆ ಎಂದು ಅದರ 25ನೇ ಆಯತ್‌ನಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಬಿಸಾಡಿದ ಕಬ್ಬಿಣ, ತಾಮ್ರ, ಹಿತ್ತಾಳೆಯನ್ನು ಆರಿಸಿ ಮತ್ತೆ ಕುಲುಮೆಗೆ ತಲುಪಿಸುವ ಗುಜರಿ ಕೆಲಸ ಕೀಳಲ್ಲ. ನಮ್ಮ ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಆ ಒಲೆಯ ಅನ್ನ ಹಲಾಲ್ ಆಗಿರಬೇಕು, ಅಷ್ಟೇ.

ಈಚೆಗೆ ಒಬ್ಬ ಗುಜರಿ ವ್ಯಾಪಾರಿ ಯುವಕ ನನ್ನಲ್ಲಿಗೆ ಬಂದ. ಯಾರೋ ತಂದ ಅಡಿಕೆ ಬೇಯಿಸುವ ತಾಮ್ರದ ಹಂಡೆಯನ್ನು ಅರ್ಧ ಬೆಲೆಗೆ ಕೊಂಡಿದ್ದ. ಎರಡೇ ದಿನದಲ್ಲಿ ಹಂಡೆಯ ಯಜಮಾನರು ಹುಡುಕಿಕೊಂಡು ಬಂದರು. "ಹಜ್ರತ್, ನಾನು ಕದ್ದಿಲ್ಲ. ದುಡ್ಡು ಕೊಟ್ಟೇ ತಗೊಂಡೆ. ನನ್ನದೇನು ತಪ್ಪು?" ಎಂದ. "ಅರ್ಧ ಬೆಲೆಗೆ ಕೊಡ್ತೀನಿ ಅಂದಾಗ ನಿನ್ನ ಮನಸ್ಸು ಏನು ಹೇಳ್ತು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ಇವೆರಡರ ನಡುವೆ ಇರುವ ಅನುಮಾನದ ಸಂಗತಿಗಳಿಂದ ದೂರ ಉಳಿದವನು ತನ್ನ ದೀನನ್ನೂ ಮಾನವನ್ನೂ ಕಾಪಾಡಿಕೊಂಡ ಎಂಬರ್ಥದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ದೇಶದ ಕಾನೂನೂ ಇದೇ ಮಾತನ್ನು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ, ಕದ್ದ ಮಾಲೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದವನಿಗೆ 3 ವರ್ಷದವರೆಗೆ ಜೈಲು ಆಗಬಹುದು. ಅದನ್ನೇ ರೂಢಿ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಶಿಕ್ಷೆ ಇದೆ. "ನಾನು ಕೇಳಲಿಲ್ಲ" ಎಂಬುದು ಠಾಣೆಯಲ್ಲೂ ಉತ್ತರವಲ್ಲ, ಆಖಿರತ್‌ನಲ್ಲೂ ಉತ್ತರವಲ್ಲ.

ಕಾರಣಗಳು ಕಣ್ಣ ಮುಂದೆಯೇ ಇರುತ್ತವೆ: ರಾತ್ರಿ ಹೊತ್ತು ಬಂದ ಮಾಲು, ಸುಟ್ಟು ಸಿಪ್ಪೆ ತೆಗೆದ ಪಂಪ್‌ಸೆಟ್ ವೈರು, ವಿದ್ಯುತ್ ಲೈನಿನ ತಂತಿ, ರೈಲ್ವೆಯ ಕಬ್ಬಿಣ. ಕೊನೆಯ ಎರಡಕ್ಕೆ ಬೇರೆಯೇ ಕಾನೂನುಗಳಿವೆ: 2003ರ ವಿದ್ಯುಚ್ಛಕ್ತಿ ಕಾಯ್ದೆ, 1966ರ ರೈಲ್ವೆ ಸ್ವತ್ತಿನ ಕಾಯ್ದೆ.

ನಮ್ಮ ಹುಂಚದಲ್ಲಿ ಇನ್ನೊಂದು ಎಚ್ಚರ ಬೇಕು. ಇದು ಪದ್ಮಾವತಿ ಅಮ್ಮನವರ ಕ್ಷೇತ್ರ. 11ನೇ ಶತಮಾನದ ಪಂಚಕೂಟ ಬಸದಿ ಇರುವ ಊರು. ಹಳೆಯ ಗಂಟೆ, ದೀಪ, ಲೋಹದ ವಿಗ್ರಹ ಯಾರಾದರೂ ತಂದರೆ ತಕ್ಕಡಿಗೆ ಇಡಲೇಬೇಡಿ. 100 ವರ್ಷ ಮೀರಿದ ಅಂಥ ವಸ್ತುವಿನ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಲೈಸೆನ್ಸ್ ಬೇಕು. ಅದಕ್ಕಿಂತ ದೊಡ್ಡದು ನೆರೆಯ ಜೈನ, ಹಿಂದೂ ಸಹೋದರರ ವಿಶ್ವಾಸ. ಒಂದು ಗಂಟೆ ಕರಗಿದರೆ ಆ ವಿಶ್ವಾಸವೂ ಕರಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ವ್ಯಾಪಾರ ಮಾಡುವಾಗ ಸಾಕ್ಷಿ ಇಟ್ಟುಕೊಳ್ಳಲು ಸೂರಾ ಅಲ್ ಬಕರದ 282ನೇ ಆಯತ್ ಕಲಿಸುತ್ತದೆ. ಅಂಗಡಿಯಲ್ಲಿ ಒಂದು ಪುಸ್ತಕ ಇಡಿ. ಮಾರುವವರ ಹೆಸರು, ವಿಳಾಸ, ಫೋನ್, ವಾಹನದ ನಂಬರ್, ಮಾಲು, ತೂಕ, ಬೆಲೆ ಬರೆಯಿರಿ, ಗುರುತಿನ ಚೀಟಿ ನೋಡಿ. ಮಕ್ಕಳು ತಂದದ್ದನ್ನು ಕೊಳ್ಳಬೇಡಿ. ಪಂಚಾಯ್ತಿ ಲೈಸೆನ್ಸ್ ನವೀಕರಿಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿವರ್ಷ ಮಾಪನ ಇಲಾಖೆಯ ಮುದ್ರೆ ಹಾಕಿಸಿ. ತೂಕದಲ್ಲಿ ಕಡಿತ ಮಾಡುವವರಿಗೆ ವಿನಾಶವಿದೆ ಎಂದು ಸೂರಾ ಅಲ್ ಮುತಫ್ಫಿಫೀನ್ ಆರಂಭದಲ್ಲೇ ಎಚ್ಚರಿಸುತ್ತದೆ. ಬ್ಯಾಟರಿಯ ಆಸಿಡ್ ಚರಂಡಿಗೆ ಸುರಿಯಬೇಡಿ. ಜಿಎಸ್‌ಟಿ ನೋಂದಣಿ ಇರುವವರು ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ 2024ರ ಅಕ್ಟೋಬರ್ 10ರಿಂದ ತೆರಿಗೆಯನ್ನು ತಾವೇ ಕಟ್ಟಬೇಕು. ಲೆಕ್ಕ ನೋಡುವವರನ್ನು ಕೇಳಿ ತಿಳಿದುಕೊಳ್ಳಿ.

ಆ ಯುವಕ ಠಾಣೆಗೆ ಹೋಗಿ ನಡೆದದ್ದನ್ನು ಹೇಳಿ ಹಂಡೆ ಒಪ್ಪಿಸಿದ. ಕದ್ದ ವಸ್ತು ಯಾರ ಕೈಗೆ ಹೋದರೂ ಅದು ಯಜಮಾನನದ್ದೇ, ಕೊಂಡವನು ತನ್ನ ಹಣವನ್ನು ಮಾರಿದವನಲ್ಲಿ ಕೇಳಬೇಕು. ಮಾರಿದವನು ಸಿಗಲಿಲ್ಲ, ಹಣ ಹೋಯಿತು. ಮುಂದಿನ ವಾರ ಅವನು ನನಗೆ ಹೊಸ ಪುಸ್ತಕ ತಂದು ತೋರಿಸಿದ. ಮೊದಲ ಪುಟದಲ್ಲಿ ನಾಲ್ಕು ಹೆಸರು ಬರೆದಿತ್ತು. "ಹೆಸರು ಕೇಳಿದ ಕೂಡಲೇ ಇಬ್ಬರು ಮಾಲು ವಾಪಸ್ ತಗೊಂಡು ಹೋದ್ರು ಹಜ್ರತ್" ಎಂದ. ಆ ಇಬ್ಬರ ಮಾಲು ಕಳೆದುಕೊಂಡದ್ದು ಅವನಿಗೆ ನಷ್ಟವಲ್ಲ, ಅದೇ ಬರಕತ್.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ. ಆಮೀನ್.