ಕೇಳುವುದೂ ಒಂದು ವಿದ್ಯೆ: ಪ್ರಶ್ನಾವಳಿ ಮತ್ತು ಸಂದರ್ಶನ



ನಿಮ್ಮಲ್ಲಿ ಕೆಲವರು ಡಿಗ್ರಿಯಲ್ಲಿ ಮನಃಶಾಸ್ತ್ರ ಓದುತ್ತಿದ್ದೀರಿ, ಕೆಲವರು ಬಿ.ಎಡ್. ಮಾಡುತ್ತಿದ್ದೀರಿ. ಒಂದಲ್ಲ ಒಂದು ದಿನ ಪ್ರಶ್ನಾವಳಿ ಹಿಡಿದು ಬಳ್ಳಾರಿಯ ಕೌಲ್‌ಬಜಾರಿಗೋ, ಸಿರುಗುಪ್ಪಕ್ಕೋ, ಕುರುಗೋಡಿಗೋ ಹೋಗಬೇಕಾಗುತ್ತದೆ. ಪ್ರಾಜೆಕ್ಟ್ ಮುಗಿಸಿದರೆ ಅಂಕ ಸಿಗುತ್ತದೆ, ನಿಜ. ಆದರೆ ನೀವು ಬರೆದುಕೊಂಡು ಬಂದದ್ದು ಒಂದು ಮನೆಯ ಬಗ್ಗೆ, ಒಂದು ಸಮುದಾಯದ ಬಗ್ಗೆ ಕಾಗದದ ಮೇಲೆ ಉಳಿಯುತ್ತದೆ. ಪ್ರಶ್ನೆ ತಪ್ಪಿದರೆ ಆ ದಾಖಲೆಯೂ ತಪ್ಪುತ್ತದೆ. ಆದ್ದರಿಂದ ಕೇಳುವ ಬಗೆಯ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆಯ ಸ್ಥಾನವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ತರಬೇತಿ ಕೊಟ್ಟಿತು. ಮನಸ್ಸಿನ ಕಾಯಿಲೆಗೆ ಎಕ್ಸ್‌ರೇ ಇಲ್ಲ. ಸರಿಯಾಗಿ ಕೇಳಿಯೇ ತಿಳಿಯಬೇಕು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಅದಕ್ಕೂ ಮೊದಲು ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಎಂಬ ಮನೋವೈದ್ಯರು ಕರಾವಳಿಯ ಕೋಟ ಗ್ರಾಮದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಗ್ರಂಥ ಪ್ರಕಟಿಸಿದರು. ಪಾಶ್ಚಾತ್ಯ ಪ್ರಶ್ನಾವಳಿಯನ್ನು ಹಾಗೆಯೇ ಎತ್ತಿ ತಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರು ಹಾಗೆ ಮಾಡದೆ ಇಲ್ಲಿನ ಜನರಿಗೆ ಹೊಂದುವ ಸಂದರ್ಶನ ನಮೂನೆಯನ್ನು ಬಳಸಿದರು. ಮೈಮೇಲೆ ಬರುವಂಥ ಅನುಭವಗಳನ್ನೂ ವಿಚಾರಿಸಿದರು. ಜನ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಆ ಮಾತಿನಲ್ಲೇ ಕೇಳಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಈಗ ಪ್ರಶ್ನಾವಳಿಗೆ ಬರೋಣ. ‘ಪೋಷಕರಿಗೆ ಆಸಕ್ತಿ ಇಲ್ಲದ್ದರಿಂದಲೇ ಹೆಣ್ಣುಮಕ್ಕಳು ಹತ್ತನೇ ತರಗತಿಯ ನಂತರ ಶಾಲೆ ಬಿಡುತ್ತಾರಲ್ಲವೆ?’ ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ಹಾಕಿದಂತೆ. ಬಸ್ಸಿನ ತೊಂದರೆ, ಫೀಸು, ಮನೆಗೆಲಸ, ಜೀನ್ಸ್ ಹೊಲಿಗೆಯ ದುಡಿಮೆ, ಹತ್ತಿರದಲ್ಲಿ ಕಾಲೇಜು ಇಲ್ಲದಿರುವುದು, ಇವುಗಳಲ್ಲಿ ಯಾವುದು ನಿಜವಾದ ಕಾರಣವಾಗಿದ್ದರೂ ಅದು ದಾಖಲಾಗುವುದೇ ಇಲ್ಲ. ‘ನಿಮ್ಮ ಮಗಳು ಶಾಲೆ ಬಿಟ್ಟದ್ದು ಹೇಗಾಯಿತು?’ ಎಂದು ಕೇಳಿ ನೋಡಿ. ಬೇರೆಯೇ ಕಥೆ ಹೊರಬರಬಹುದು.

ಒಂದು ಪದಕ್ಕೆ ಎಷ್ಟು ಬಲವಿದೆ ಎಂಬುದನ್ನು 1974ರಲ್ಲಿ ಅಮೆರಿಕದ ಲೋಫ್ಟಸ್ ಮತ್ತು ಪಾಮರ್ ತೋರಿಸಿದರು. ಕಾರು ಅಪಘಾತದ ಚಿತ್ರ ತೋರಿಸಿ, ‘ಅಪ್ಪಳಿಸಿದಾಗ ವೇಗ ಎಷ್ಟಿತ್ತು?’ ಎಂದು ಕೇಳಿದಾಗ ಬಂದ ಸರಾಸರಿ ಉತ್ತರ ಗಂಟೆಗೆ 40 ಮೈಲಿಗೂ ಹೆಚ್ಚು. ‘ತಾಕಿದಾಗ’ ಎಂದು ಕೇಳಿದವರಿಂದ ಬಂದದ್ದು 31.8 ಮೈಲಿ!

ಒಂದೇ ವಾಕ್ಯದಲ್ಲಿ ಎರಡು ಪ್ರಶ್ನೆ ಸೇರಿಸಬೇಡಿ. ‘ಗುರುಗಳೂ ಗೆಳತಿಯರೂ ನಿನ್ನನ್ನು ಪ್ರೀತಿಯಿಂದ ಕಾಣುತ್ತಾರೆಯೆ?’ ಎಂದರೆ, ಗೆಳತಿಯರು ಮಾತ್ರ ಪ್ರೀತಿಸುವ ಹುಡುಗಿ ಏನು ಉತ್ತರಿಸಬೇಕು? ‘ಆಗಾಗ’ ಎಂಬ ಪದವೂ ಬೇಡ. ಅದು ಒಬ್ಬರಿಗೆ ವಾರಕ್ಕೆರಡು ಸಲ, ಇನ್ನೊಬ್ಬರಿಗೆ ತಿಂಗಳಿಗೊಂದು ಸಲ. ಖಿನ್ನತೆಯನ್ನು ಗುರುತಿಸಲು ಹಲವು ದೇಶಗಳಲ್ಲಿ ಬಳಸುವ ಪಿ.ಎಚ್.ಕ್ಯು.-9 ಪಟ್ಟಿ ‘ಕಳೆದ ಎರಡು ವಾರಗಳಲ್ಲಿ’ ಎಂದು ಗಡಿ ಹಾಕಿಯೇ ಕೇಳುತ್ತದೆ. ನಕಾರದ ಪ್ರಶ್ನೆಯಲ್ಲೂ ಎಚ್ಚರವಿರಲಿ. ‘ನಿದ್ದೆ ಬರುವುದಿಲ್ಲವೆ?’ ಎಂದರೆ ‘ಹೌದು’ ಎಂದವರಿಗೂ ನಿದ್ದೆ ಇಲ್ಲ, ‘ಇಲ್ಲ’ ಎಂದವರಿಗೂ ನಿದ್ದೆ ಇಲ್ಲ.

ಭಾಷೆಯ ವಿಷಯ ನಮಗೆ ವಿಶೇಷವಾದದ್ದು. ನಮ್ಮ ಊರುಗಳಲ್ಲಿ ಕನ್ನಡ, ಉರ್ದು, ತೆಲುಗು ಒಂದೇ ಬೀದಿಯಲ್ಲಿ ನಡೆಯುತ್ತವೆ. ಉರ್ದುವಿನಲ್ಲಿ ‘ಉದಾಸ್’ ಎಂದರೆ ದುಃಖದಲ್ಲಿರುವವರು; ಕನ್ನಡದಲ್ಲಿ ‘ಉದಾಸೀನ’ ಎಂದರೆ ಅಲಕ್ಷ್ಯ. ದುಃಖದಲ್ಲಿರುವ ಮಗುವನ್ನು ಅಸಡ್ಡೆಯ ಮಗು ಎಂದು ಬರೆದುಬಿಡಲು ಇಷ್ಟು ಸಾಕು! ‘ಖಿನ್ನತೆ’ ಎಂಬ ಪುಸ್ತಕದ ಮಾತಿಗಿಂತ ‘ಮನಸ್ಸಿಗೆ ಬೇಜಾರು’, ‘ದಿಲ್ ಘಬ್ರಾನಾ’ ಎಂಬ ಮನೆಮಾತು ಬೇಗ ತಲುಪುತ್ತದೆ. ಕನ್ನಡದ ಪ್ರಶ್ನೆಯನ್ನು ಒಬ್ಬರು ಉರ್ದುವಿಗೆ ತರಲಿ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಕನ್ನಡಕ್ಕೆ ತರಲಿ. ಎರಡೂ ಕನ್ನಡ ಹೊಂದದಿದ್ದರೆ ಪ್ರಶ್ನೆಯನ್ನು ತಿದ್ದಬೇಕು. ಆಮೇಲೆ ಹತ್ತು ಜನರಿಗೆ ಕೇಳಿ, ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?’ ಎಂದು ವಿಚಾರಿಸಿ. ಈ ಪೂರ್ವಪರೀಕ್ಷೆ ಇಲ್ಲದೆ ಇನ್ನೂರು ಪ್ರತಿ ಜೆರಾಕ್ಸ್ ಮಾಡಿಸಬೇಡಿ.

ಸಂದರ್ಶನದಲ್ಲಿ ಕಾಲ, ಸ್ಥಳ ಎರಡೂ ಮುಖ್ಯ. ಸಿರುಗುಪ್ಪದ ಕಡೆ ಭತ್ತದ ನಾಟಿಯ ದಿನಗಳಲ್ಲಿ ಕೂಲಿಯ ಹೆಣ್ಣುಮಕ್ಕಳನ್ನು ತಡೆದು ಕೂರಿಸಬೇಡಿ. ಅವರ ಆ ದಿನದ ಅನ್ನ ಅಲ್ಲಿದೆ. ಅತ್ತೆಯ ಎದುರು ಸೊಸೆ, ಗುರುಗಳ ಎದುರು ವಿದ್ಯಾರ್ಥಿ ಮನಸ್ಸು ಬಿಚ್ಚುವುದು ಕಷ್ಟ. ಮನೆಯವರ ಒಪ್ಪಿಗೆ ಪಡೆದು, ನಾಲ್ಕು ಮಾರು ದೂರದಲ್ಲಿ, ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳದಂತೆ ಕುಳಿತು ಮಾತಾಡಿ. ಸುಲಭದ ಪ್ರಶ್ನೆ ಮೊದಲು, ನೋವಿನ ಪ್ರಶ್ನೆ ನಂತರ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಸುಮ್ಮನಿರಿ. ‘ಛೆ, ಹಾಗೆ ಮಾಡಬಾರದಿತ್ತು’ ಎಂದು ಬುದ್ಧಿ ಹೇಳಿದಿರೋ, ಮುಂದಿನ ಉತ್ತರವೆಲ್ಲ ನಿಮ್ಮನ್ನು ಮೆಚ್ಚಿಸಲು ಬರುತ್ತದೆ.

ಕೊನೆಯದಾಗಿ ಜವಾಬ್ದಾರಿಯ ಮಾತು. ಯಾಕೆ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ತಿಳಿಸಿ. ಬೇಡವೆನ್ನುವ ಹಕ್ಕು ಅವರಿಗಿದೆ. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕಿ. ಕೇಳಿದ್ದನ್ನು ಚಹಾದಂಗಡಿಗೆ ಒಯ್ಯಬೇಡಿ. ಯಾರಾದರೂ ಬದುಕೇ ಬೇಡವೆನಿಸಿದೆ ಎಂದರೆ ಪ್ರಶ್ನಾವಳಿಯನ್ನು ಅಲ್ಲಿಗೇ ಮಡಚಿ, ಅವರನ್ನು ಒಂಟಿಯಾಗಿ ಬಿಡದೆ ನಿಮ್ಮ ಮಾರ್ಗದರ್ಶಕರಿಗೆ ತಿಳಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು.

ಪ್ರಿಯ ವಿದ್ಯಾರ್ಥಿಗಳೆ, ನಮ್ಮ ಮಕ್ಕಳ ಬಗ್ಗೆ, ನಮ್ಮ ತಾಯಂದಿರ ಬಗ್ಗೆ ಬರೆಯುವವರು ಬಹಳ ಜನ. ಕುಳಿತು ಕೇಳುವವರು ಕಡಿಮೆ. ಅಂಕಕ್ಕಾಗಿ ಹೊರಟ ನೀವು ಆ ಕಡಿಮೆ ಜನರಲ್ಲಿ ಒಬ್ಬರಾಗಿ ಹಿಂತಿರುಗಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.