ಎರಡೇ ಕಿವಿಯ ಯಂತ್ರ

ಕುಮಾರಸ್ವಾಮಿ ಲೇಔಟಿನ ನಮ್ಮ ಬೀದಿಯಲ್ಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿವೆ. ಮೂವತ್ತು-ನಲವತ್ತರ ನಿವೇಶನಗಳಲ್ಲಿ ಒಬ್ಬರ ಮನೆಯ ಒಗ್ಗರಣೆ ಮತ್ತೊಬ್ಬರ ಮೂಗಿಗೆ, ಒಬ್ಬರ ಮನೆಯ ಕುಕ್ಕರಿನ ಕೂಗು ಮತ್ತೊಬ್ಬರ ಕಿವಿಗೆ ತಾನಾಗಿಯೇ ಸಲ್ಲುತ್ತದೆ. ಇಂಥಲ್ಲಿ ನನ್ನ ಮಗಳು ಡ್ರಮ್ ಕಲಿಯುತ್ತೇನೆಂದು ಹಟ ಹಿಡಿದಾಗ ನೆರೆಯವರ ಮುಖಗಳೆಲ್ಲ ಸಾಲಾಗಿ ನನ್ನ ಕಣ್ಣ ಮುಂದೆ ಬಂದವು. ಕಡೆಗೆ ಮನೆಗೆ ಬಂದದ್ದು ಎಲೆಕ್ಟ್ರಾನಿಕ್ ಡ್ರಮ್.

ಈ ವಾದ್ಯದ ಸ್ವಭಾವವೇ ಬೇರೆ. ಇದರ ಬಿಲ್ಲೆಗಳಿಗೆ ಸ್ವಂತದ ನಾದವಿಲ್ಲ. ಪ್ರತಿಯೊಂದರ ಅಡಿಯಲ್ಲೂ ಒಂದು ಪುಟ್ಟ ಸಂವೇದಕವಿದ್ದು, ಪೆಟ್ಟಿನ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಪಕ್ಕದ ಪೆಟ್ಟಿಗೆಯು ಪೆಟ್ಟು ಎಲ್ಲಿ ಬಿತ್ತು, ಎಷ್ಟು ಬಲವಾಗಿ ಬಿತ್ತು ಎಂಬುದನ್ನು ಅಳೆದು, ತನ್ನ ಸಂಗ್ರಹದಿಂದ ತಕ್ಕ ಧ್ವನಿಯನ್ನು ಎತ್ತಿ ಹೆಡ್‌ಫೋನಿಗೆ ಕಳುಹಿಸುತ್ತದೆ. ನುಡಿಸುವವಳಿಗೆ ಗುಡುಗು, ಮನೆಯವರಿಗೆ ಬರಿಯ ಟಪ್ ಟಪ್.

ನನ್ನ ಸೋದರಮಾವ ಅದನ್ನು ನೋಡಿದ ದಿನ, ‘ಚರ್ಮವಿಲ್ಲ, ಕರಣೆಯಿಲ್ಲ, ಇದೆಂಥ ವಾದ್ಯವೇ ತಾಯಿ?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಅರ್ಥವಿತ್ತು. ಸಾಧಾರಣ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಮೃದಂಗ, ತಬಲಗಳಲ್ಲಿ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಅವು ಶ್ರುತಿಗೆ ಒಳಪಡುತ್ತವೆ. ಇದನ್ನು ಸಿ. ವಿ. ರಾಮನ್ನರು ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1934ರಲ್ಲಿ ವಿಸ್ತಾರವಾಗಿ ಬರೆದರು. ಮಾವನವರು ಆ ಲೇಖನಗಳನ್ನು ಓದಿದವರಲ್ಲ. ಆದರೆ ನಲವತ್ತು ವರ್ಷ ಮೃದಂಗ ನುಡಿಸಿದ ಅವರ ಬೆರಳುಗಳಿಗೆ ಆ ಸಂಗತಿ ಗೊತ್ತಿತ್ತು.

ಆ ಬೆರಳುಗಳು ಈಗ ಸಂಧಿವಾತದಿಂದ ಮಡಚಿಕೊಂಡಿದ್ದವು. ಅವರಿಗೆ ಉಳಿದದ್ದು ಬಾಯಿಯ ಮೃದಂಗ ಮಾತ್ರ, ಎಂದರೆ ಕೊನ್ನಕೋಲು. ಒಂದು ಸಂಜೆ ಅವರು ಸುಮ್ಮನೆ ಕುಳಿತು ಜತಿ ಹೇಳತೊಡಗಿದರು. ಮಗಳು ಬಿಲ್ಲೆಗಳ ಮೇಲೆ ಅದನ್ನು ಹಿಂಬಾಲಿಸಿದಳು. ಇಂಥ ಸಂಗಮ ನಮ್ಮ ಊರಿಗೆ ಹೊಸದಲ್ಲ. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರು, ಜಾಝ್ ವಾದಕ ಚಾರ್ಲಿ ಮೇರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನೇ ಮಾಡಿದ್ದರು. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ಇದನ್ನು ಹಿಡಿದಿಡಬೇಕೆಂದು ನನಗೆ ಬಲವಾಗಿ ಅನ್ನಿಸಿತು.

ತೊಡಕು ಆರಂಭವಾದದ್ದು ಅಲ್ಲಿ. ನಮ್ಮಲ್ಲಿದ್ದ ಧ್ವನಿಮುದ್ರಣ ಯಂತ್ರಕ್ಕೆ ಎರಡೇ ಒಳದಾರಿಗಳು, ಎರಡೇ ಕಿವಿಗಳೆನ್ನಿ. ಡ್ರಮ್ಮಿನ ಪೆಟ್ಟಿಗೆಗೆ ಎಡ-ಬಲ ಎಂದು ಎರಡು ಹೊರದಾರಿಗಳು. ಅವೆರಡನ್ನೂ ಜೋಡಿಸಿದರೆ ಡ್ರಮ್ಮು ಎಡದಿಂದ ಬಲಕ್ಕೆ ಹರಡಿಕೊಂಡು ಭವ್ಯವಾಗಿ ಕೇಳಿಸುತ್ತದೆ. ಆದರೆ ಮಾವನವರ ಮೈಕಿಗೆ ಜಾಗವೇ ಇಲ್ಲ. ಸ್ನೇಹಿತರೊಬ್ಬರಿಂದ ಪುಟ್ಟ ಮಿಕ್ಸರ್ ತಂದು, ಎಲ್ಲವನ್ನೂ ಬೆರೆಸಿ ಎರಡು ದಾರಿಗಳಿಗೆ ಇಳಿಸಿದೆವು. ನುಡಿಸುವಾಗ ಚೆನ್ನಾಗಿಯೇ ಇತ್ತು. ರಾತ್ರಿ ಕೇಳಿ ನೋಡಿದರೆ, ಕಂಚಿನ ತಾಳದ ಝೇಂಕಾರ ಮಾವನವರ ‘ತಕಿಟ’ಗಳನ್ನು ನುಂಗಿಹಾಕಿತ್ತು. ಹಾಲಿಗೆ ಬೆರೆತ ನೀರನ್ನು ಹಂಸ ಬೇರ್ಪಡಿಸುತ್ತದಂತೆ. ನಮ್ಮ ಮನೆಯಲ್ಲಿ ಹಂಸವಿರಲಿಲ್ಲ.

ದಾರಿಗಳ ಕೊರತೆ ದೊಡ್ಡವರನ್ನೂ ಬಿಟ್ಟದ್ದಲ್ಲ. 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಧ್ವನಿಮುದ್ರಿಕೆಯನ್ನು ನಾಲ್ಕೇ ಹಾದಿಗಳ ಟೇಪು ಯಂತ್ರಗಳಲ್ಲಿ ಮಾಡಿದರು. ನಾಲ್ಕು ತುಂಬಿದೊಡನೆ ಅವನ್ನು ಬೆರೆಸಿ ಮತ್ತೊಂದು ಯಂತ್ರಕ್ಕೆ ಇಳಿಸಿ, ಖಾಲಿಯಾದ ಹಾದಿಗಳಲ್ಲಿ ಹೊಸದನ್ನು ಸೇರಿಸುತ್ತಿದ್ದರು. ಹಾಗೆ ಬೆರೆಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ. ಪ್ರತಿ ಸಲವೂ ಟೇಪಿನ ಸದ್ದು ಒಂದಿಷ್ಟು ಹೆಚ್ಚುತ್ತಿತ್ತು. ಆದ್ದರಿಂದ ಯಾವುದು ಮುಖ್ಯ ಎಂಬುದನ್ನು ಅವರು ಮೊದಲೇ ತೀರ್ಮಾನಿಸಬೇಕಾಗಿತ್ತು.

ನಾವೂ ತೀರ್ಮಾನಿಸಬೇಕಾಯಿತು. ದಾರಿ ತೋರಿಸಿದವಳು ಮಗಳು. ‘ಅಪ್ಪಾ, ನನ್ನ ಡ್ರಮ್ಮನ್ನು ನಾಳೆಯೂ ನುಡಿಸಬಹುದು. ತಾತನ ಬಾಯನ್ನು?’ ಎಂದಳು. 1983ರಿಂದ ‘ಮಿಡಿ’ ಎಂಬ ಸಂಕೇತಪದ್ಧತಿಯೊಂದು ಬಳಕೆಯಲ್ಲಿದೆ. ಅದು ನಾದವನ್ನು ಬರೆದಿಡುವುದಿಲ್ಲ. ಯಾವ ಬಿಲ್ಲೆಗೆ, ಯಾವ ಕ್ಷಣದಲ್ಲಿ, ಎಷ್ಟು ಬಲದ ಪೆಟ್ಟು ಬಿತ್ತು ಎಂಬ ಲೆಕ್ಕವನ್ನಷ್ಟೇ ಬರೆದಿಡುತ್ತದೆ. ಆ ಲೆಕ್ಕವನ್ನು ಮರಳಿ ಪೆಟ್ಟಿಗೆಗೆ ಕೊಟ್ಟರೆ, ಮುಟ್ಟುವವರಿಲ್ಲದೆಯೇ ಡ್ರಮ್ಮು ಅದೇ ಪೆಟ್ಟುಗಳನ್ನು ನುಡಿಯುತ್ತದೆ. ಹಾಗಾಗಿ ಎರಡನೆಯ ಸಲ ಒಂದು ಕಿವಿಯನ್ನು ಪೂರ್ತಿಯಾಗಿ ಮಾವನವರ ಮೈಕಿಗೆ ಕೊಟ್ಟೆವು. ಇನ್ನೊಂದಕ್ಕೆ ಇಡೀ ಡ್ರಮ್ಮನ್ನು ಒಂದೇ ತಂತಿಯಲ್ಲಿ ಒಗ್ಗೂಡಿಸಿ ಕೊಟ್ಟೆವು. ಅದು ಮೇಲ್ಪಂಕ್ತಿಗೆ ಮಾತ್ರ. ಮಗಳ ಕಂಪ್ಯೂಟರು ಪಕ್ಕದಲ್ಲಿ ಕುಳಿತು ಪೆಟ್ಟುಗಳ ಲೆಕ್ಕವನ್ನು ಬರೆದುಕೊಂಡಿತು.

ಮಾವನವರು ಹೆಡ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಂಡರು. ಮತ್ತೊಂದು ಕಿವಿ ತಮ್ಮ ದನಿಗೆ ಬೇಕೆಂದರು. ಮೈಕಿನ ಬೆನ್ನನ್ನು ಡ್ರಮ್ಮಿನ ಕಡೆಗೆ ತಿರುಗಿಸಿ, ಬಿಲ್ಲೆಗಳ ಟಪ್ ಟಪ್ ಆದಷ್ಟು ಕಡಿಮೆಯಾಗುವಂತೆ ಮಾಡಿದೆವು. ಆದರೆ ಅವರು ತೊಡೆಯ ಮೇಲೆ ಹಾಕುತ್ತಿದ್ದ ತಾಳದ ಪೆಟ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಗಳು ಮೆಲ್ಲಗೆ ಹೇಳಿದಳು. ‘ತಾಳ ಬಿಟ್ಟರೆ ಬಾಯಿಗೆ ಆಧಾರ ಯಾವುದು, ಮಗೂ?’ ಎಂದರು ಅವರು. ಹಾಗೆಯೇ ಬಿಟ್ಟೆವು. ಆದಿತಾಳದಲ್ಲಿ ಆರಂಭವಾದದ್ದು ಹನ್ನೊಂದು ನಿಮಿಷ ನಡೆಯಿತು. ನಡುವೆ ತಳ್ಳುಗಾಡಿಯ ಧ್ವನಿವರ್ಧಕ ಒಮ್ಮೆ ‘ಸೊಪ್ಪು’ ಎಂದಿತು. ಮುಕ್ತಾಯದ ಹೊತ್ತಿಗೆ ಮಾವನವರು ಲಯವನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೆ ಎಳೆದರು; ಮಗಳು ಅವರನ್ನು ಬಿಡದೆ ಹೋದಳು.

ಮುಂದಿನ ಭಾನುವಾರ ಪೆಟ್ಟುಗಳ ಲೆಕ್ಕವನ್ನು ಪೆಟ್ಟಿಗೆಗೆ ಕೊಟ್ಟು, ಮೊದಲು ಕಾಲಿನ ದೊಡ್ಡ ಡ್ರಮ್ಮನ್ನು, ಬಳಿಕ ಕೈಡ್ರಮ್ಮನ್ನು, ಕಡೆಗೆ ಕಂಚಿನ ತಾಳಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಂಡೆವು. ಕಂಚನ್ನು ಎಷ್ಟು ಬೇಕೋ ಅಷ್ಟೇ ತಗ್ಗಿಸಿದಾಗ ‘ತಕಿಟ’ದ ಒಂದೊಂದು ಅಕ್ಷರವೂ ತಲೆಯೆತ್ತಿತು. ಎರಡು ಯಂತ್ರಗಳ ಗಡಿಯಾರಗಳು ಒಂದೇ ಸಮನೆ ನಡೆಯುವುದಿಲ್ಲವಾದ್ದರಿಂದ, ಹೊಸ ಮುದ್ರಣ ಬರಬರುತ್ತಾ ಚೂರು ಚೂರೇ ಜರುಗುತ್ತಿತ್ತು. ಅದನ್ನು ಸರಿಹೊಂದಿಸಲು ಮೇಲ್ಪಂಕ್ತಿಯ ಹಾದಿ ನೆರವಾಯಿತು. ಅದು ಮಸುಕಾಗಿದ್ದ ಕಡೆಗಳಲ್ಲಿ ಗುರುತಾಗಿ ಒದಗಿದ್ದು, ಅಳಿಸಬೇಕೆಂದಿದ್ದ ಆ ತೊಡೆಯ ಪೆಟ್ಟು.

ಆ ವರ್ಷ ಕಳೆಯುವುದರೊಳಗೆ ಮಾವನವರಿಗೆ ಪಾರ್ಶ್ವವಾಯು ಬಡಿಯಿತು. ಈಗ ಅವರಿಗೆ ಜತಿಯಿರಲಿ, ಹೆಸರು ಹಿಡಿದು ಕರೆಯುವುದೂ ಕಷ್ಟ. ಮಗಳು ಡ್ರಮ್ಮಿನ ಧ್ವನಿಯನ್ನು ಈವರೆಗೆ ಮೂರು ಬಾರಿ ಬದಲಿಸಿದ್ದಾಳೆ. ಒಮ್ಮೆ ಅದೇ ಪೆಟ್ಟುಗಳಿಗೆ ಮೃದಂಗದ ನಾದವನ್ನೂ ತೊಡಿಸಿ ನೋಡಿದಳು. ಮಾವನವರ ಹಾದಿಯನ್ನು ಮಾತ್ರ ಅವಳು ಮುಟ್ಟಿಲ್ಲ; ಸೊಪ್ಪಿನ ಕೂಗೂ ಅಲ್ಲಿಯೇ ಇದೆ. ಬರುವುದೆಲ್ಲವನ್ನೂ ಹಿಡಿಯಬಲ್ಲಷ್ಟು ಕಿವಿಗಳು ನಮ್ಮ ಯಂತ್ರಕ್ಕೆ ಇದ್ದಿದ್ದರೆ, ಯಾವುದು ಮತ್ತೆ ಬರುವುದಿಲ್ಲ ಎಂದು ಆ ದಿನ ನಾವು ಕೇಳಿಕೊಳ್ಳುತ್ತಲೇ ಇರಲಿಲ್ಲವೇನೋ.

ಕಳೆದ ವಾರ ಅವರ ಮಂಚದ ಬಳಿ ಕುಳಿತು ಅದನ್ನು ಹಾಕಿದೆವು. ಅವರು ಕಣ್ಣು ಮುಚ್ಚಿಯೇ ಕೇಳಿದರು. ಮುಕ್ತಾಯ ಬಂದಾಗ ಅವರ ಎಡಗೈ ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು.